ಊರು ಬಿಟ್ಟು ಹೋದ ವಾಸನೆ

ಏಳು ಕಡಲು ದಾಟಿದರೆ ಜಾವಾ ಅಂತ ಒಂದು ಸೀಮೆ. ಅಲ್ಲಿ ಹೊಗೆಯಾಡೋ ಬೆಟ್ಟದ ಬುಡದಲ್ಲಿ ಒಬ್ಬ ರಾಜ, ಒಬ್ಬ ರಾಣಿ ಇದ್ದರಂತೆ. ಅವರಿಗೆ ಒಬ್ಬಳೇ ಮಗಳು, ಲಾರಸತಿ ಅಂತ ಹೆಸರು. ಎಂಟು ವರ್ಷದ ಆ ಕೂಸಿಗೆ ಮೈತುಂಬ ತುರಿಗಜ್ಜಿ. ಕೆರೆದು ಕೆರೆದು ರಕ್ತ ಬರೋದು, ಕಣ್ಣಿಗೆ ನಿದ್ದೆ ಅನ್ನೋದೇ ಇಲ್ಲ. ಏಳು ಜನ ವೈದ್ಯರು ಬಂದರು, ಏಳು ಜನಾನೂ ಅರಮನೆ ಊಟ ಉಂಡು ಹೋದರು. ಅವರಿಗೇನು, ಗಜ್ಜಿ ಅವರ ಮೈಗೆ ಬಂದಿತ್ತಾ?

ಕೊನೆಗೆ ಬೇರು ಗೆಡ್ಡೆಗಳ ಗುಣ ಬಲ್ಲ ವಾಗಿಯೆಂ ಅನ್ನೋ ಮುದುಕಿಯನ್ನ ಕರೆಸಿದರಂತೆ.

"ಏಳು ದಿನ ಕೊಟ್ಟಿದ್ದೀನಿ. ವಾಸಿಯಾಗದಿದ್ದರೆ ದೋಣಿ ಹತ್ತಿಸಿ ಗಡೀಪಾರು ಮಾಡ್ತೀನಿ" ಅಂದ ರಾಜ.

ಮುದುಕಿ ಅಕ್ಕಿ ನೆನೆಸಿದಳು. ಅರಿಶಿನ, ಕಚೋರ, ಶುಂಠಿ ಹಾಕಿ ಅರೆದಳು. ಹಸಿಹಸಿಯಾಗಿ ಮೈಗೆ ಹಚ್ಚಿದಳು. ಒಂದು ದಿನ ಆಯ್ತು, ಎರಡು ದಿನ ಆಯ್ತು, ಮೂರನೇ ದಿನಕ್ಕೆ ಗಾಯ ಒಣಗತೊಡಗಿತಂತೆ. ಆದರೆ ಆ ಲೇಪಕ್ಕೆ ಮೂಗು ಸಿಡಿಯೋ ಘಾಟು. ಮಲ್ಲಿಗೆ ಹಾಸಿಗೆ ಮೇಲೆ ಬೆಳೆದ ರಾಣಿಗೆ ಸಹಿಸೋಕಾಗಲಿಲ್ಲ. ಲೇಪವನ್ನ ಕದ್ದುಮುಚ್ಚಿ ಬಿಸಿಲಿಗಿಟ್ಟು, ಘಾಟೆಲ್ಲ ಹಾರಿಹೋದ ಮೇಲೆ ಮಗಳಿಗೆ ಹಚ್ಚಿದಳು.

ನಾಲ್ಕನೇ ದಿನ ತುರಿಕೆ ತಿರುಗಿ ಬಂತು. ಐದು ಹೋಯ್ತು, ಆರು ಹೋಯ್ತು. ಏಳನೇ ದಿನ ಮುದುಕಿಯನ್ನ ದೋಣಿಗೆ ಎಳೆದೊಯ್ದರಂತೆ. ಅಯ್ಯೋ ಪಾಪ, ಹುಟ್ಟಿದ ಮಣ್ಣು ಬಿಟ್ಟು ಒಂದು ದಿನವೂ ಹೊರಗಿದ್ದವಳಲ್ಲ ಅವಳು.

ಆ ಮಧ್ಯಾಹ್ನ ಲಾರಸತಿಗೆ ಒಂದಿಷ್ಟು ಜೊಂಪು ಹತ್ತಿತು, ಕನಸು ಬಿತ್ತು. ಪಾದಕ್ಕೆಲ್ಲ ಹಸಿಮಣ್ಣು ಮೆತ್ತಿಕೊಂಡ ಹೆಂಗಸೊಬ್ಬಳು ಮೋಡದ ಮೇಲೆ ಕೂತಿದ್ದಳಂತೆ.

"ಕೂಸೇ, ಲೇಪದೊಳಗಿದ್ದ ವಾಸನೆ ನಾನು. ನಿನ್ನ ತುರಿಕೆನ ಹಿಡಿದು ಕೂರಿಸ್ತಿದ್ದವಳೂ ನಾನೇ. ನಿಮ್ಮಮ್ಮ ನನ್ನ ಬಿಸಿಲಿಗೆ ಅಟ್ಟಿಬಿಟ್ಟಳು. ಮೋಡದಿಂದ ಮೋಡಕ್ಕೆ ಅಲೀತಾ ಇದ್ದೀನಿ, ಕಾಲೂರೋಕೆ ಒಂದು ಮೈ ಇಲ್ಲ ನಂಗೆ."

ಮಗಳು ಎದ್ದು ಅಮ್ಮನಿಗೆ ಕನಸು ಹೇಳಿದಳು. ರಾಣಿ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಬರಿಗಾಲಲ್ಲಿ ಕಡಲ ತಡಿಗೆ ಓಡಿದಳಂತೆ.

"ನಿಲ್ಲಿಸಿ! ಔಷಧ ಕೆಡಿಸಿದವಳು ನಾನು!"

ದೋಣಿ ಹತ್ತಿರ ನಿಂತಿದ್ದ ರಾಜನ ಮುಖ ಕಪ್ಪಿಟ್ಟಿತು. "ಆಡಿದ ಮಾತು ತಪ್ಪೋ ಹಾಗಿಲ್ಲ. ಹಾಗಾದರೆ ದೋಣಿ ನೀನೇ ಹತ್ತಬೇಕು" ಅಂದ.

"ರಾಣಮ್ಮನ್ನ ಕಳಿಸಿ ಬುದ್ಧಿ, ಬೇಡ ಅನ್ನಲ್ಲ" ಅಂದಳಂತೆ ಮುದುಕಿ. "ಆದರೆ ಮೊದಲು ಏಳು ದಿನ ಅರೆಯೋಕೆ ನಂಗೊಂದು ಜೊತೆ ಕೈ ಬೇಕು."

ರಾಣಿ ಕಲ್ಲಿನ ಮುಂದೆ ಕೂತಳು. ಅರೆದಳು, ಹಚ್ಚಿದಳು, ಮತ್ತೆ ಅರೆದಳು. ಅಂಗೈಗೆ ಬೊಬ್ಬೆ ಬಂತು, ಘಾಟಿಗೆ ಕಣ್ಣು ಸುರಿಯಿತು. ಎಂಟನೇ ದಿನ ಬೆಳಗ್ಗೆ ರಾಜ ಬಂದು ನೋಡುತ್ತಾನೆ, ಮಗಳ ಮೈ ತಿಳಿಯಾಗಿದೆ. ಘಾಟು ಹೊಡೆಯೋ ಅಮ್ಮನ ಅಂಗೈಗೆ ಮೂಗು ಒತ್ತಿಕೊಂಡು ಗಾಢ ನಿದ್ದೆ ಮಾಡ್ತಿದ್ದಾಳೆ.

"ಮಹಾಸ್ವಾಮಿ, ದೋಣಿ ಸಿದ್ಧವಾಗಿದೆ" ಅಂದ ಕಾವಲಿನವನು.

"ಶ್! ಮಗು ಮಲಗಿದೆ" ಅಂದನಂತೆ ರಾಜ.

ಅವರು ಅಲ್ಲಿ ತಣ್ಣಗಿದ್ದಾರೆ, ನಾವು ಇಲ್ಲಿ ತಣ್ಣಗಿದ್ದೀವಿ. ಕೇಳಿದವರ ಮನೆ ಮಕ್ಕಳಿಗೂ ಅಂಥದ್ದೇ ನಿದ್ದೆ ಬರಲಿ.