ಟಿಕೆಟ್ ಯಂತ್ರ ಓಗೊಟ್ಟದ್ದು

ಒಂದು ರೈಲು ನಿಲ್ದಾಣಕ್ಕೆ ಹೊಸದಾಗಿ ಟಿಕೆಟ್ ಯಂತ್ರವೊಂದು ಬಂದಿತ್ತು. ಅದು ಬಲು ಶ್ರದ್ಧೆಯ ಯಂತ್ರ. ಯಾರಾದರೂ ಪರದೆ ಮುಟ್ಟಿದೊಡನೆ ತುಟಿ ಬಿಚ್ಚದೆ ಒಳಗೊಳಗೇ ಕೆಲಸಕ್ಕೆ ತೊಡಗುತ್ತಿತ್ತು.

ಒಂದು ಬೆಳಿಗ್ಗೆ ಶಂಕ್ರವ್ವ ಎಂಬ ಮುದುಕಿ ಪರದೆಯ ಮೇಲೆ ತನ್ನ ಊರಿನ ಹೆಸರನ್ನು ಒತ್ತಿದಳು. ಪರದೆ ಮಿಸುಕಲಿಲ್ಲ. ಮತ್ತೆ ಒತ್ತಿದಳು, ಕೊನೆಗೆ ಗುದ್ದಿದಳು. "ಇದರ ಜೀವ ಹೋಗೈತಿ, ಇನ್ನ ನಮ್ಮ ಗಾಡಿನೂ ಹೋಗತೈತಿ!" ಎಂದು ಬೈಯುತ್ತ ಕೌಂಟರಿನ ಉದ್ದ ಸಾಲಿಗೆ ಓಡಿದಳು.

"ನಾನು ದುಡಿಯುತ್ತಲೇ ಇದ್ದೆನಲ್ಲ! ಗುದ್ದಿದ್ದೇಕೆ?" ಎಂದು ಯಂತ್ರ ನೊಂದುಕೊಂಡಿತು.

ಪಕ್ಕದಲ್ಲಿದ್ದ ಹಳೆಯ ತೂಕದ ಯಂತ್ರ ನಕ್ಕಿತು. "ದುಡಿದದ್ದು ಅವಳಿಗೆ ತಿಳಿಯಬೇಡವೇ ತಮ್ಮಾ? ನನ್ನ ಮೇಲೆ ಯಾರೇ ನಿಲ್ಲಲಿ, ಮೊದಲು ಬಣ್ಣದ ದೀಪ ಮಿನುಗಿಸುತ್ತೇನೆ. ತೂಕದ ಚೀಟಿ ಆಮೇಲೆ. ಕರೆದವರಿಗೆ ಮೊದಲು ಓ ಎನ್ನಬೇಕು."

"ಓ ಎಂದರೆ ಟಿಕೆಟ್ ಬೇಗ ಬಂದೀತೇ?"

"ಒಮ್ಮೆ ಓ ಎಂದು ನೋಡು."

ಸಾಲು ಮುಂದೆ ಸರಿಯಲಿಲ್ಲ. ರೈಲಿನ ಸಿಳ್ಳು ಕೇಳಿ ಕಂಗಾಲಾದ ಶಂಕ್ರವ್ವ ಯಂತ್ರದ ಬಳಿಗೇ ಮರಳಿ ಬಂದು ಬೆರಳಿಟ್ಟಳು. ತಕ್ಷಣ ಟಿಣ್ ಎಂದಿತು. ಊರಿನ ಹೆಸರು ಹಸಿರಾಯಿತು. ಕೆಳಗೆ ದಪ್ಪಕ್ಷರದಲ್ಲಿ, "ನಿಮ್ಮ ಟಿಕೆಟ್ ತಯಾರಾಗುತ್ತಿದೆ, ತುಸು ತಾಳಿ" ಎಂದು ಮೂಡಿತು.

"ಆಗಲಿ ಯಪ್ಪಾ, ತಾಳತೇನಿ," ಎಂದು ಮುದುಕಿ ಚೀಲ ಕೆಳಗಿಟ್ಟು ನಿಂತಳು. ಟಿಕೆಟ್ ಕೈಗೆ ಬಂದದ್ದೇ, "ಈಗ ನೋಡು, ಎಷ್ಟ ಚುರುಕಾತು!" ಎಂದು ಪರದೆಯ ಕೆನ್ನೆ ಸವರಿ, ಹೊರಟಿದ್ದ ರೈಲನ್ನು ಹತ್ತಿಯೇಬಿಟ್ಟಳು.

"ಅಣ್ಣಾ, ನಾನು ಮೊದಲಿನಷ್ಟೇ ಹೊತ್ತು ತೆಗೆದುಕೊಂಡೆ," ಎಂದು ಟಿಕೆಟ್ ಯಂತ್ರ ಮೆಲ್ಲನೆ ಹೇಳಿತು.

"ಹೌದು. ಆದರೆ ಈ ಸಲ ಅವಳೊಬ್ಬಳೇ ಕಾಯಲಿಲ್ಲ, ನೀನೂ ಜೊತೆಗಿದ್ದೆ," ಎಂದಿತು ತೂಕದ ಯಂತ್ರ.