ಎತ್ತಲು ಬಲ್ಲವನು

"ಗುರುಗಳೇ, ಓದಿಲ್ಲದವನು ಹಿಡಿದ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಹೋಗಬಹುದೇ?"

ಕೇಳಿದವನು ಹೊನ್ನೂರಪ್ಪ. ಹತ್ತು ವರ್ಷದಿಂದ ಗೋದಾಮಿನಲ್ಲಿ ಮೂಟೆ ಹೊರುವವನು. ವಾರದ ರಜೆಗೆ ಮಠಕ್ಕೆ ಬಂದು ಗುರುಗಳ ಮುಂದೆ ಕೂರುವುದು ಅವನ ರೂಢಿ. ಕಾಲೇಜಿನ ಮೆಟ್ಟಿಲು ತುಳಿದವನಲ್ಲ. ತನಗಿರುವ ಅಡ್ಡಿ ಅದೊಂದೇ ಎಂದು ಅವನ ಎಣಿಕೆ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಬ್ಬ ಹಮಾಲನ ಕತೆ ಹೇಳಿದರು.

ಒಂದು ಊರಿನಲ್ಲಿ ದವಸದ ದೊಡ್ಡ ಗೋದಾಮು ಇತ್ತು. ಅಲ್ಲಿ ಒಬ್ಬ ಹಮಾಲನಿದ್ದ. ಆರನೆಯ ತರಗತಿಗೆ ಶಾಲೆ ಬಿಟ್ಟವನು. ಹತ್ತೊಂಬತ್ತು ವರ್ಷ ಲಾರಿಯಿಂದ ಮೂಟೆ ಇಳಿಸಿದ, ಒಂದರ ಮೇಲೊಂದು ಪೇರಿಸಿ ಅಟ್ಟಿ ಕಟ್ಟಿದ, ಮತ್ತೆ ಲಾರಿಗೆ ಏರಿಸಿದ. ಅವನ ಹೆಂಡತಿ ಮೊದಲ ಹೆರಿಗೆಯಲ್ಲೇ ತೀರಿಕೊಂಡಿದ್ದಳು, ಕೂಸೂ ಉಳಿಯಲಿಲ್ಲ. ಆಮೇಲೆ ಗೋದಾಮಿನ ತಂಡವೇ ಅವನ ಮನೆಯಾಯಿತು. ತಂಡದಲ್ಲಿ ಹನ್ನೆರಡು ಜನ. ಒಬ್ಬ ಕೂಗಿದರೆ ಹನ್ನೊಂದು ಜನ ದನಿಗೂಡಿಸಿ ಎತ್ತುತ್ತಿದ್ದರು. ಮಧ್ಯಾಹ್ನ ಅಟ್ಟಿಯ ನೆರಳಿನಲ್ಲಿ ಸಾಲಾಗಿ ಕೂತು ಬುತ್ತಿ ಬಿಚ್ಚುತ್ತಿದ್ದರು. ಒಬ್ಬನ ಚಟ್ನಿ ಎಲ್ಲರ ರೊಟ್ಟಿಗೆ ಬರುತ್ತಿತ್ತು.

ಒಂದು ದಿನ ಅಟ್ಟಿ ಜರಿದು ಜೊತೆಗಾರನೊಬ್ಬನ ಬೆನ್ನಿನ ಮೇಲೆ ಬಿತ್ತು. ಹಮಾಲ ಅವನನ್ನು ಆಸ್ಪತ್ರೆಗೆ ಸೇರಿಸಿ ಮೂರು ದಿನ ಜೊತೆಗಿದ್ದ. ಅಲ್ಲಿ ಒಬ್ಬ ಆರೈಕೆಯವಳನ್ನು ಕಂಡ. ಸಣಕಲು ಹೆಂಗಸು. ಅವಳು ಜೊತೆಗಾರನ ಹೆಗಲ ಕೆಳಗೆ ಒಂದು ಕೈ, ಸೊಂಟದ ಕೆಳಗೆ ಒಂದು ಕೈ ಇಟ್ಟು ಮಗ್ಗುಲು ಹೊರಳಿಸಿದಳು. ನೋವಿನಿಂದ ನರಳುತ್ತಿದ್ದವನು ಸುಮ್ಮನಾದ. ಹಮಾಲ ನೋಡುತ್ತ ನಿಂತ. ಭಾರವನ್ನು ಹೀಗೂ ಹಿಡಿಯಬಹುದೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಜೊತೆಗಾರ ವಾಸಿಯಾಗಿ ತನ್ನ ಊರಿಗೆ ಹೋದ. ಹಮಾಲ ಗೋದಾಮಿಗೆ ಮರಳಿದ. ಮನಸ್ಸು ಮಾತ್ರ ಮರಳಲಿಲ್ಲ.

ಊರ ಹೊರಗೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆ ಇತ್ತು. ಡಾಕ್ಟರಮ್ಮ ಒಬ್ಬರು ಅದನ್ನು ನಡೆಸುತ್ತಿದ್ದರು. ಅಲ್ಲಿ ಆರೈಕೆಯ ಕೆಲಸ ಕಲಿಸುತ್ತಾರೆಂದು ಕೇಳಿ ಹಮಾಲ ಹೋದ.

"ಎಷ್ಟು ಓದಿದ್ದೀಯ?" ಎಂದು ಡಾಕ್ಟರಮ್ಮ ಕೇಳಿದರು.

"ಆರನೆಯ ತರಗತಿ."

"ಏನು ಕೆಲಸ ಬರುತ್ತದೆ?"

"ಭಾರ ಎತ್ತಲು ಬರುತ್ತದೆ."

"ಇಲ್ಲಿ ಭಾರ ಇಲ್ಲಪ್ಪ, ಮನುಷ್ಯರಿದ್ದಾರೆ. ಹೋಗಿ ಬಾ."

ಮುಂದಿನ ವಾರದ ರಜೆಗೆ ಹಮಾಲ ಮತ್ತೆ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತ. ಅದರ ಮುಂದಿನ ವಾರವೂ ಕೂತ. ಐದನೆಯ ವಾರ ಡಾಕ್ಟರಮ್ಮನೇ ಹೊರಗೆ ಬಂದು, ಮೂರು ತಿಂಗಳು ಕಲಿ, ಆಮೇಲೆ ನೋಡೋಣ ಎಂದರು.

ಅವನು ಗೋದಾಮಿಗೆ ಬಂದು ಮೇಸ್ತ್ರಿಗೆ ವಿಷಯ ತಿಳಿಸಿದ. ಮೇಸ್ತ್ರಿ ಕೆಟ್ಟವನಲ್ಲ. ಆದರೂ ಮುಖ ತಿರುಗಿಸಿದ.

"ಇಲ್ಲಿ ನಿನ್ನ ಹೆಗಲಿಗೆ ಹೆಸರಿದೆ. ಅಲ್ಲಿ ಹೋಗಿ ಯಾರದೋ ಹೇಲು ಉಚ್ಚೆ ಬಳಿಯುತ್ತೀಯ. ಹೋಗು. ಮೂರು ದಿನ ನಿನ್ನ ಜಾಗ ಖಾಲಿ ಇಟ್ಟಿರುತ್ತೇನೆ. ನಾಲ್ಕನೆಯ ದಿನ ಬಂದರೆ ನನ್ನ ಕೈಯಲ್ಲಿಲ್ಲ" ಎಂದ.

ಆರೈಕೆ ಮನೆಯಲ್ಲಿ ಅವನ ಜೊತೆ ಕಲಿಯಲು ಬಂದವರು ಇಪ್ಪತ್ತರ ಹರೆಯದ ಹುಡುಗ ಹುಡುಗಿಯರು. ಎಲ್ಲರೂ ಹತ್ತನೆಯ ತರಗತಿ ದಾಟಿದವರು. ಮೊದಲ ದಿನವೇ ಹಮಾಲ ಎಡವಿದ. ಒಂದು ಮಂಚದಲ್ಲಿ ಪಾರ್ಶ್ವವಾಯು ಹೊಡೆದ ಮೇಷ್ಟ್ರೊಬ್ಬರಿದ್ದರು. ಅವರನ್ನು ಕುರ್ಚಿಗೆ ಕೂರಿಸು ಎಂದು ಡಾಕ್ಟರಮ್ಮ ಹೇಳಿದರು. ಹಮಾಲ ಬಗ್ಗಿದ, ತೋಳು ಹಾಕಿದ, ಒಂದೇ ಪಟ್ಟಿಗೆ ಎತ್ತಿಬಿಟ್ಟ. ಮೇಷ್ಟ್ರು ಕಿರುಚಿಕೊಂಡರು.

"ನಾನೇನು ಅಕ್ಕಿ ಮೂಟೆಯೇನೋ! ಇವನು ಇನ್ನು ನನ್ನ ಮಂಚದ ಹತ್ತಿರ ಬರಕೂಡದು."

ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹಮಾಲ ತಲೆ ತಗ್ಗಿಸಿ ನಿಂತ. ಹತ್ತೊಂಬತ್ತು ವರ್ಷದಲ್ಲಿ ಅವನು ಎತ್ತಿದ್ದು ಯಾವುದೂ ಕೂಗಿರಲಿಲ್ಲ.

ಪಾಠ ಹೇಳುವಾಗ ಉಳಿದವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಇವನಿಗೆ ಅಷ್ಟು ಬೇಗ ಬರೆಯಲು ಆಗುತ್ತಿರಲಿಲ್ಲ. ಕೇಳಿದ್ದನ್ನು ಬಾಯಲ್ಲೇ ಹೇಳಿಕೊಳ್ಳುತ್ತ ದಾರಿಯುದ್ದಕ್ಕೂ ನಡೆಯುತ್ತಿದ್ದ. ಊಟದ ಹೊತ್ತಿಗೆ ಅವರೆಲ್ಲ ಒಂದು ಕಡೆ ಕೂತು ತಮ್ಮ ತಮ್ಮ ಮೊಬೈಲು ತೋರಿಸಿಕೊಂಡು ಮಾತಾಡುತ್ತಿದ್ದರು. ಅವರು ಇವನನ್ನು ದೂರ ಇಟ್ಟವರಲ್ಲ. ಅಂಕಲ್ ಎಂದು ಕರೆಯುತ್ತಿದ್ದರು. ಹಾಗೆ ಕರೆದ ಮೇಲೆ ಮುಂದೆ ಆಡುವ ಮಾತು ಇರುತ್ತಿರಲಿಲ್ಲ. ಇವನು ನೀರಿನ ತೊಟ್ಟಿಯ ಬಳಿ ಕೂತು ಬುತ್ತಿ ಮುಗಿಸುತ್ತಿದ್ದ.

ಒಂದು ಸಂಜೆ ತಡೆಯಲಾರದೆ ಗೋದಾಮಿಗೆ ಹೋದ. ತಂಡದವರು ಕೆಲಸ ಮುಗಿಸಿ ಚಹಾ ಕುಡಿಯುತ್ತಿದ್ದರು. ಬಾ ಬಾ ಎಂದು ಜಾಗ ಮಾಡಿಕೊಟ್ಟರು. ಆದರೆ ಅವನು ಕೂತೊಡನೆ ನಡೆಯುತ್ತಿದ್ದ ಮಾತು ನಿಂತಿತು. ಒಬ್ಬ ಚಹಾದ ಲೋಟ ಕೊಡಲು ಹೋಗಿ, "ಕೈ ತೊಳೆದುಕೊಂಡೆಯಲ್ಲ?" ಎಂದು ಮೆಲ್ಲಗೆ ಕೇಳಿದ. ಹಮಾಲ ನಕ್ಕ. ಚಹಾ ಕುಡಿದ. ಹೊಸಬನೊಬ್ಬ ಮೂಟೆ ಎಳೆಯುವ ಅವನ ಹಳೆಯ ಕೊಕ್ಕೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದನ್ನು ನೋಡಿದ. ಎದ್ದು ಬಂದ. ಆಮೇಲೆ ಅತ್ತ ಹೋಗಲಿಲ್ಲ.

ಮಧ್ಯಾಹ್ನ ರೋಗಿಗಳು ಮಲಗಿದಾಗ ಅವನು ಖಾಲಿ ಮಂಚದ ಮೇಲೆ ತಾನೇ ಮಲಗಿ ನೋಡುತ್ತಿದ್ದ. ಕೈಕಾಲು ಸತ್ತವನಂತೆ ಬಿಟ್ಟು, ಮೈಯ ಭಾರ ಎಲ್ಲೆಲ್ಲಿ ಕೂರುತ್ತದೆ, ಎಲ್ಲಿ ಉರಿಯುತ್ತದೆ, ಎಲ್ಲಿ ಮರಗಟ್ಟುತ್ತದೆ ಎಂದು ತಿಳಿದುಕೊಂಡ. ಯಾವ ಪುಸ್ತಕದಲ್ಲೂ ಅದನ್ನು ಅವನು ಓದಿರಲಿಲ್ಲ.

ಎರಡನೆಯ ತಿಂಗಳಲ್ಲಿ ಒಂದು ದಿನ ಮೇಷ್ಟ್ರನ್ನು ಹೊರಳಿಸಲು ಬೇರೆ ಯಾರೂ ಇರಲಿಲ್ಲ. ಹಮಾಲ ಹೋದ. ಹೆಗಲ ಕೆಳಗೆ ಕೈ ಇಟ್ಟು ಕಾದ. ಮೇಷ್ಟ್ರು ಉಸಿರು ಬಿಟ್ಟ ಹೊತ್ತಿಗೆ ಹೊರಳಿಸಿದ. ಕಿಟಕಿಯ ಕಡೆ ನೋಡುತ್ತಿದ್ದ ಮೇಷ್ಟ್ರು ಈಗ ಗೋಡೆಯ ಕಡೆ ನೋಡುತ್ತಿದ್ದರು. ನೋವಾಗಿರಲಿಲ್ಲ. ಮೇಷ್ಟ್ರೇ ಮಾತು ತೆಗೆದು, "ಅದೇನು ಯಾವಾಗಲೂ ಬಾಯಲ್ಲೇ ಗೊಣಗುತ್ತಿರುತ್ತೀಯ?" ಎಂದು ಕೇಳಿದರು.

"ಔಷಧಿಯ ಹೆಸರುಗಳು, ಮೇಷ್ಟ್ರೇ. ಇಂಗ್ಲಿಷಿನವು. ಬರೆದುಕೊಳ್ಳಲು ಬರುವುದಿಲ್ಲ."

"ನನಗೆ ಬರುತ್ತದೆ, ಕೈ ಆಡುವುದಿಲ್ಲ. ಇಬ್ಬರೂ ಅರ್ಧರ್ಧ. ಹೋಗಿ ಒಂದು ಸ್ಲೇಟು ತಾ."

ಅಂದಿನಿಂದ ಮೇಷ್ಟ್ರು ಮಲಗಿದಲ್ಲಿಂದಲೇ ಹೇಳಿದರು, ಹಮಾಲ ನೆಲದ ಮೇಲೆ ಕೂತು ಬರೆದ.

ಮೂರು ತಿಂಗಳು ತುಂಬಿತು. ಉಳಿದವರಿಗೆಲ್ಲ ಸರ್ಟಿಫಿಕೇಟು ಸಿಕ್ಕಿತು. ಅವರು ಪಟ್ಟಣದ ಆಸ್ಪತ್ರೆಗಳಿಗೆ ಹೊರಟರು. ಡಾಕ್ಟರಮ್ಮ ಹಮಾಲನನ್ನು ಕರೆದು, "ಕೆಲಸದಲ್ಲಿ ನಿನ್ನ ಸರಿಸಮ ಯಾರೂ ಇಲ್ಲ. ಆದರೆ ಹತ್ತನೆಯ ತರಗತಿ ಆಗದವನಿಗೆ ಸರ್ಟಿಫಿಕೇಟು ಕೊಡುವ ಹಾಗಿಲ್ಲ. ಸಹಾಯಕ ಅಂತ ಇರುವುದಾದರೆ ಇರು" ಎಂದರು. ಅವನು ಇದ್ದ.

ಹೊಸ ತಂಡ ಬಂತು. ಮೈ ಹೊರಳಿಸುವುದನ್ನು ಅವರಿಗೆ ಹಮಾಲನೇ ತೋರಿಸಿಕೊಟ್ಟ. ಕಲಿತು ಅವರೂ ಹೋದರು. ಮತ್ತೊಂದು ತಂಡ ಬಂತು, ಹೋಯಿತು. ಮೇಷ್ಟ್ರು ಮಾತ್ರ ಹೋಗಲಿಲ್ಲ. ಎರಡು ವರ್ಷ ಓದಿಸಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಿಸಿದರು. ಹಮಾಲ ಗಣಿತದಲ್ಲಿ ಬಿದ್ದ. ಮೇಷ್ಟ್ರು ಒಂದು ದಿನ ಮಾತು ಬಿಟ್ಟರು, ಮರುದಿನ ಮೊದಲ ಲೆಕ್ಕದಿಂದ ಮತ್ತೆ ಶುರು ಮಾಡಿದರು. ಮರು ವರ್ಷ ಇನ್ನೊಮ್ಮೆ ಪರೀಕ್ಷೆ ಬರೆದ. ಫಲಿತಾಂಶಕ್ಕೆ ಹದಿನೆಂಟು ದಿನ ಇರುವಾಗ ಮೇಷ್ಟ್ರು ಊಟದ ನಡುವೆ ಕಣ್ಣು ಮುಚ್ಚಿದರು. ಹಮಾಲನೇ ಅವರ ಮೈ ತೊಳೆದ. ಮೇಷ್ಟ್ರ ತಮ್ಮನ ಮಗ ಬಂದು ದೇಹವನ್ನು ಒಯ್ದ. ಸ್ಲೇಟು ಯಾರದೆಂದು ಕೇಳಿ ಅಲ್ಲೇ ಬಿಟ್ಟು ಹೋದ.

ಫಲಿತಾಂಶದ ದಿನ ಶಾಲೆಯ ಬೋರ್ಡಿನಲ್ಲಿ ಹಮಾಲ ತನ್ನ ನಂಬರು ಹುಡುಕಿದ. ಇತ್ತು. ಇನ್ನೊಮ್ಮೆ ನೋಡಿದ. ಸುತ್ತ ಮಕ್ಕಳು ಕುಣಿಯುತ್ತಿದ್ದರು, ಅಪ್ಪಂದಿರು ಫೋನಿನಲ್ಲಿ ಯಾರಿಗೋ ಕೂಗಿ ಹೇಳುತ್ತಿದ್ದರು. ಒಬ್ಬ ಹೆಂಗಸು ಇವನಿಗೂ ಒಂದು ಪೇಡೆ ಕೊಟ್ಟು, "ನಿಮ್ಮ ಮಗ ಪಾಸಾದನೇ?" ಎಂದಳು. ಹೌದು ಎಂದುಬಿಟ್ಟ.

ಪೇಡೆ ಹಿಡಿದುಕೊಂಡು ಬಹಳ ಹೊತ್ತು ಬೇಲಿಯ ಬಳಿ ನಿಂತ. ಯಾರಿಗಾದರೂ ಹೇಳಬೇಕು ಅನಿಸಿತು. ತಂಡದವರನ್ನು ನೆನೆದ. ಅವರಿಗೆ ಈಗ ಅವನು ಡಾಕ್ಟರಮ್ಮನ ಆಳು. ಆರೈಕೆ ಮನೆಯವರಿಗೆ ಇನ್ನೂ ಹಮಾಲ. ಈ ಸುದ್ದಿಗೆ ಎಷ್ಟು ವರ್ಷ ಹಿಡಿಯಿತು ಎಂದು ಬಲ್ಲವರು ಒಬ್ಬರೇ ಇದ್ದರು. ಪೇಡೆ ತಿಂದು ಕೈ ಒರೆಸಿಕೊಂಡು ಕೆಲಸಕ್ಕೆ ಹೋದ. ಮೇಷ್ಟ್ರ ಮಂಚಕ್ಕೆ ಮಾತು ನಿಂತುಹೋದ ಒಬ್ಬ ಮುದುಕ ಬಂದಿದ್ದ. ಅವನನ್ನು ಹೊರಳಿಸುವ ಹೊತ್ತಾಗಿತ್ತು.

ಸರ್ಟಿಫಿಕೇಟು ಬಂತು. ಕೆಲಸ ಕಾಯಂ ಆಯಿತು. ಇಂದಿಗೂ ಅವನು ಅಲ್ಲೇ ಇದ್ದಾನೆ. ಅವನ ಕೈ ಸೋಕಿದರೆ ನರಳುವವರು ನಿದ್ದೆ ಹೋಗುತ್ತಾರೆ. ಮೂರು ತಿಂಗಳಿಗೊಮ್ಮೆ ಹೊಸಬರು ಬರುತ್ತಾರೆ, ಅವನಿಂದ ಕಲಿತು ಹೋಗುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ಹೊನ್ನೂರಪ್ಪನ ಮುಖ ಅರಳಿತ್ತು.

"ಹಾಗಾದರೆ ಓದಿಲ್ಲದ್ದು ಅವನಿಗೆ ಅಡ್ಡಿಯಾಗಲಿಲ್ಲ, ಗುರುಗಳೇ. ನನಗೂ ಆಗಲಾರದು."

ಗುರುಗಳು ಕೇಳಿದರು:

"ಓದಿಲ್ಲದ್ದನ್ನು ಅವನು ಮೂರು ವರ್ಷದಲ್ಲಿ ತುಂಬಿಕೊಂಡ, ಹೊನ್ನೂರಪ್ಪ, ತನ್ನವರೆಂದು ಯಾರೂ ಇಲ್ಲದ್ದನ್ನು ಈಗಲೂ ಹೊರುತ್ತಿದ್ದಾನೆ, ಆ ಮೂಟೆ ನಿನ್ನಿಂದ ಎತ್ತಲಾದೀತೇ?"