ಮಠದ ಗುಲಾಬಿಗೆ ಬಿದ್ದ ಚಿಪ್ಪು

ಹತ್ತಿರ ಬನ್ನಿ, ಮೆಲ್ಲಗೆ ಹೇಳ್ತೀನಿ. ಮನೆಯವರ ಹತ್ತಿರವೂ ಬಾಯಿ ಬಿಡಕೂಡದು. ಮೊದಲು ಆಣೆ ಇಡಿ.

ಹೊಳೆದಂಡೆಯ ಮಠ ನಮ್ಮ ಬೇಲಿ ಪಕ್ಕದ್ದೇ. ಅಲ್ಲಿ ಬುದ್ಧಿಯವರು, ಅವರ ಶಿಷ್ಯ ಕರಿಬಸಯ್ಯ, ಪೂಜೆಗೆ ಅಂತ ಐದು ಕುಂಡ ಗುಲಾಬಿ. ಅಷ್ಟೇ ಸಂಸಾರ.

ಗುಲಾಬಿ ಮೊಗ್ಗು ಬಿಡ್ತಿರಲಿಲ್ಲ. ಶಿಷ್ಯ ಬೀದಿಯ ಹೆಂಗಸರನ್ನೆಲ್ಲ ಕೇಳಿದ. ಅಕ್ಕಿ ತೊಳೆದ ನೀರು ಹುಯ್ದ. ಟೀ ಚರಟ ಹಾಕಿದ. ಯಾರೋ ಮೊಟ್ಟೆ ಚಿಪ್ಪು ಅಂದರು.

ಅದನ್ನೂ ಹೂತ. ಮಠದೊಳಗೆ! ಬೇಲಿ ಸಂದಿಯಿಂದ ನಾನೇ ಕಂಡೆ.

ಚಿಪ್ಪು ಯಾರ ಹಿತ್ತಲದ್ದು ಅಂತ ಯೋಚಿಸೋದರೊಳಗೆ ಬಾಯಿ ಮುಂದೋಡಿತ್ತು. ಹಾಲಿನ ಪುಟ್ಟತಾಯಮ್ಮನಿಗೆ ಒಬ್ಬಳಿಗೇ ಹೇಳಿದ್ದು. ಬಿಸಿಲೇರುವ ಹೊತ್ತಿಗೆ ಇಡೀ ಬೀದಿ ಮಠದ ಅಂಗಳದಲ್ಲಿತ್ತು. ನಾನೂ ಹೋದೆ. ಹೋಗದಿದ್ದರೆ ಏನಂದುಕೊಂಡಾರು?

ಪಟೇಲರ ಮಾದಪ್ಪ ಕುಂಡ ಬೋರಲು ಹಾಕಿದ. ಇಡಿ ಇಡೀ ಚಿಪ್ಪು ಉದುರಿದವು.

"ಲಿಂಗದ ತಲೆಗೆ ಏರೋ ಹೂವಿಗೆ ಇದಾ? ಬುದ್ಧೀ, ಇವನನ್ನ ಇವತ್ತೇ ಹೊರಗೆ ಹಾಕಿ!"

ಬುದ್ಧಿಯವರು ಶಿಷ್ಯನ ಕಡೆ ತಿರುಗಿದರು.

"ತಿಂದೆಯಾ?"

"ಇಲ್ಲ ಬುದ್ಧಿ."

"ಎಲ್ಲಿಂದ ತಂದೆ?"

"ಅದೊಂದು ಕೇಳಬೇಡಿ ಬುದ್ಧಿ. ಒಬ್ಬರ ಮಾನದ ಮಾತು."

"ಹೇಳದಿದ್ದರೆ ಇವರು ನಿನ್ನನ್ನ ಇರಗೊಡೋದಿಲ್ಲ."

ಕರಿಬಸಯ್ಯ ಒಳಗೆ ಹೋಗಿ ಬಟ್ಟೆಗಂಟು ತಂದ. ಹನ್ನೊಂದು ವರ್ಷ ಆ ಅಂಗಳ ಗುಡಿಸಿದವನು. ಗುರುವಿನ ಪಾದ ಮುಟ್ಟಿದ. ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ನಾನು ಸೆರಗು ಸರಿ ಮಾಡಿಕೊಂಡು ನಿಂತಿದ್ದೆ, ಹಣೆ ತುಂಬ ವಿಭೂತಿ. ಮೂಳೆಗೆ ಒಳ್ಳೇದು, ದಿನಕ್ಕೊಂದು ತಿನ್ನಿ ಅಂತ ಡಾಕ್ಟರು ಹೇಳಿದ್ದು ನನ್ನ ಸೊಸೆಗೂ ಗೊತ್ತಿಲ್ಲ.

"ಗಂಟು ಬಿಚ್ಚು" ಅಂದರು ಬುದ್ಧಿಯವರು. "ತಪ್ಪು ಮಾಡಿದೀಯ. ಇಡೀ ಚಿಪ್ಪು ಹೂತರೆ ಬೇರಿಗೆ ಏನು ಸಿಗುತ್ತೆ? ತೊಳೆದು, ಒಣಗಿಸಿ, ನುಣ್ಣಗೆ ಕುಟ್ಟಬೇಕು. ಒರಳು ತಾ."

ಮಾದಪ್ಪ ಬಿಡಲಿಲ್ಲ. "ಬುದ್ಧೀ, ಆ ಮಣ್ಣು ಮೈಲಿಗೆ ಆಯ್ತಲ್ಲ?"

"ಮಣ್ಣಿಗೆ ಮೈಲಿಗೆ ಅಂಟೋದಾದರೆ, ನಾಳೆ ನಿನ್ನನ್ನ ಎಲ್ಲಿ ಹೂಳೋಣ ಮಾದಪ್ಪ?"

ಮಾದಪ್ಪ ಟವೆಲ್ ಕೊಡವಿ ಹೊರಟ. ಅವನ ಹಿಂದೆ ಬೀದಿ ಕರಗಿತು. ಶಿಷ್ಯ ಚಿಪ್ಪು ತೊಳೆಯಲು ಹೊಳೆಗೆ ಇಳಿದ.

ನಾನೂ ಬೇಲಿ ಕಡೆ ಮೆತ್ತಗೆ ಸರಿಯುತ್ತಿದ್ದೆ. ಬುದ್ಧಿಯವರು ಎದುರಿಗೇ ಬಂದು ನಿಂತರು. ಸಿಟ್ಟಿಲ್ಲ, ನಗುವೂ ಇಲ್ಲ.

"ಚೆನ್ನಾಜಮ್ಮ, ಐದು ಕುಂಡಕ್ಕೆ ಇಷ್ಟು ಸಾಲದು ತಾಯಿ. ನಾಳೆಯಿಂದ ದಿನಕ್ಕೆರಡು ತಿನ್ನಿ."